ನಮ್ಮ ಒಕ್ಕದ ವೈ, ಕೋಳಿಗೂಡಿನ ಡಬ್ಲ್ಯೂ

ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು ಎರಡು ದಿನ ಆಗಿತ್ತು. ಕೋವಿಯ ಬಾಯಿಗೆ ಸಿಕ್ಕಿಸಿದ್ದ ತೋಕ್‌ಪೂ ಇನ್ನೂ ಪೂರ್ತಿ ಬಾಡಿರಲಿಲ್ಲ. ಮಳೆಗೆ ಕರೆಂಟು ಹೋಗಿತ್ತು. ಮೊಬೈಲಿನಲ್ಲಿ ಉಳಿದಿದ್ದ ಚೂರುಪಾರು ಚಾರ್ಜಿನಲ್ಲಿ ಕುಟುಂಬದ ವಾಟ್ಸಾಪ್ ಗುಂಪು ತೆರೆದರೆ ಅದು ಬಂದು ಕೂತಿತ್ತು. ನಿಮಗೂ ಬಂದಿರುತ್ತೆ ಬಿಡಿ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ಗೋತ್ರದ ಗುಟ್ಟು ಇದೇ, ನಮ್ಮ ಹಿರಿಯರಿಗೆ ಇದು ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು, ಹೆಮ್ಮೆ ಇದ್ದರೆ ಹತ್ತು ಜನಕ್ಕೆ ಕಳಿಸಿ. ನಮ್ಮ ಗುಂಪಿಗೆ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ‘ಗೋತ್ರ’ ತೆಗೆದು ‘ಒಕ್ಕ’, ಅಂದರೆ ನಮ್ಮಲ್ಲಿ ಅಪ್ಪನ ಕಡೆಯ ಮನೆತನ, ಎಂದು ತಿದ್ದಿದ್ದರು. ಒಂದು ಕಡೆ ತಿದ್ದೋದು ಮರೆತಿತ್ತು. ಹಾಗಾಗಿ ಮೂರನೇ ಸಾಲಿಗೆ ಬರುವಾಗ ನಮಗೂ ಒಂದು ಗೋತ್ರ ಸಿಕ್ಕಿತ್ತು.

ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ಹಿರಿಯರ ಬಗ್ಗೆ ನನಗೂ ಗೌರವ ಇದೆ. ಇಷ್ಟು ಸೂಕ್ಷ್ಮ ವಿಷಯವನ್ನು ಬರಿಗಣ್ಣಲ್ಲಿ ಕಂಡವರು ಸಾಮಾನ್ಯರಲ್ಲ. ನಾನು ಬಿಎಸ್ಸಿಯಲ್ಲಿ ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಮೇಲಿಟ್ಟು, ಕೆಂಪು ಬಣ್ಣ ಹಾಕಿ, ಹೆಬ್ಬೆರಳಲ್ಲಿ ಒತ್ತಿ, ಮೈಕ್ರೋಸ್ಕೋಪಿನಲ್ಲಿ ಅರ್ಧ ದಿನ ಇಣುಕಿದವನು. ಈರುಳ್ಳಿಯ ಒಂದೊಂದು ಜೀವಕೋಶದಲ್ಲಿ ಇರೋದು 16 ವರ್ಣತಂತು, ಅದೇ ಕ್ರೋಮೋಸೋಮ್. ನಾನು ಒಮ್ಮೆ 14 ಎಣಿಸಿದೆ, ಒಮ್ಮೆ 19. ನನ್ನದು ಬಿಡಿ, ದೊಡ್ಡ ದೊಡ್ಡ ವಿಜ್ಞಾನಿಗಳೇ ಮನುಷ್ಯನಿಗೆ 48 ಎಂದು ಮೂವತ್ತು ವರ್ಷ ಪುಸ್ತಕದಲ್ಲಿ ಬರೆದುಕೊಂಡಿದ್ದರು. 46 ಎಂದು ಗಟ್ಟಿಯಾಗಿದ್ದು 1956ರಲ್ಲಿ. ಅಲ್ಲಿವರೆಗೆ ನಾವೂ ಆಲೂಗೆಡ್ಡೆಯೂ ಸರಿಸಮ.

ಸಂಖ್ಯೆಯಲ್ಲಿ ದೊಡ್ಡಸ್ತಿಕೆ ಹುಡುಕಿದರೆ ಮನುಷ್ಯನಿಗೆ ಮರ್ಯಾದೆ ಉಳಿಯೋದಿಲ್ಲ. ಮನೆ ನಾಯಿಗೆ 78. ಆನೆಗೆ 56, ಅದೇ ನಮ್ಮ ತೋಟದ ಬೇಲಿ ಮುರಿದು ಹಲಸು ತಿಂದು ಹೋಗುವ ಆನೆ. ಘಟ್ಟದ ಕಾಡಲ್ಲಿ ನಾಲಗೆಯಂಥ ಒಂದೇ ಎಲೆಯ ಒಂದು ಪುಟ್ಟ ಗಿಡ ಇದೆ, ನಾವು ಪಲ್ಯ ಮಾಡುವ ತೆರ್ಮೆ ಎಂಬ ಜರೀಗಿಡದ ದೂರದ ನೆಂಟ. ಅದಕ್ಕೆ 1260! ಹೂ ಇಲ್ಲ, ಕಾಯಿ ಇಲ್ಲ, ಫಾರ್ವರ್ಡೂ ಇಲ್ಲ, ಸುಮ್ನೆ ಇದೆ. ಅದೇ ಕಾಡಿನ ಕಾಡುಕುರಿಗೆ, ಅಂದರೆ ನಾಯಿ ಥರ ಬೊಗಳುವ ಜಿಂಕೆಗೆ, ಹೆಣ್ಣಾದರೆ 6, ಗಂಡಾದರೆ 7. ಅಷ್ಟರಲ್ಲೇ ಸಂಸಾರ ಸಾಗಿಸುತ್ತದೆ.

ಕಾಫಿ ವಿಷಯ ಹೇಳದೆ ಮುಂದೆ ಹೋದರೆ ಕೊಡಗಿನಲ್ಲಿ ಇರೋಕೆ ಬಿಡಲ್ಲ. ಅರೇಬಿಕಾ ಬೆಳೆಯುವವರು ರೋಬಸ್ಟಾದವರನ್ನು ಸ್ವಲ್ಪ ಕೆಳಗಣ್ಣಲ್ಲಿ ನೋಡೋದು ಗೊತ್ತಲ್ಲ. ರೋಬಸ್ಟಾಕ್ಕೆ 22 ವರ್ಣತಂತು, ಅರೇಬಿಕಾಕ್ಕೆ 44. ಡಬಲ್ ಎಂದು ಬೀಗುವ ಮೊದಲು ಕೇಳಿ. ಯಾವ ಕಾಲದಲ್ಲೋ ಆಫ್ರಿಕದ ಕಾಡಿನಲ್ಲಿ ರೋಬಸ್ಟಾ ಜಾತಿಗೂ ಇನ್ನೊಂದು ಕಾಡು ಕಾಫಿಗೂ ಆದ ಬೆರಕೆಯೇ ಈ ಅರೇಬಿಕಾ. ‘ಶುದ್ಧ ಅರೇಬಿಕಾ’ ಎಂದು ಪ್ಯಾಕೆಟಿನ ಮೇಲೆ ಚಿನ್ನದ ಅಕ್ಷರದಲ್ಲಿ ಬರೆದು ಮಾರುತ್ತೇವಲ್ಲ, ಅದು ಅಂತರ್ಜಾತಿ ಮದುವೆಯ ಮಗು. ರೋಬಸ್ಟಾ ಅದರ ಹೆತ್ತವರ ಪೈಕಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತೊಳೆಯುವಾಗ ಇದನ್ನು ಹೇಳಿದರೆ ಪಕ್ಕದ ತೋಟದವರು ನನ್ನ ಹತ್ತಿರ ಒಂದು ವಾರ ಮಾತಾಡಲಿಲ್ಲ.

ಇರಲಿ, ವೈಗೆ ಬರೋಣ. ವರ್ಣತಂತುಗಳನ್ನು ನಡು, ಅಂದರೆ ಸೊಂಟದ ಹಾಗೆ ಕಿರಿದಾದ ಜಾಗ, ಎಲ್ಲಿದೆ ಎಂದು ನೋಡಿ ವಿಂಗಡಿಸುತ್ತಾರೆ. ನಡು ಸರಿಯಾಗಿ ಮಧ್ಯದಲ್ಲಿದ್ದರೆ ಮೆಟಾಸೆಂಟ್ರಿಕ್, ಸ್ವಲ್ಪ ಸರಿದಿದ್ದರೆ ಸಬ್‌ಮೆಟಾಸೆಂಟ್ರಿಕ್, ತುದಿಗೆ ಹತ್ತಿರವಾದರೆ ಆಕ್ರೋಸೆಂಟ್ರಿಕ್, ತುದಿಯಲ್ಲೇ ಇದ್ದರೆ ಟೀಲೋಸೆಂಟ್ರಿಕ್. ಕೊನೆಯದು ನಮ್ಮಲ್ಲಿಲ್ಲ, ಇಲಿಗಳಲ್ಲಿದೆ. ನಮ್ಮ ವಂಶದ ಕಣ್ಮಣಿ ವೈ ಆಕ್ರೋಸೆಂಟ್ರಿಕ್, ಕುತ್ತಿಗೆಗೇ ಪಂಚೆ ಕಟ್ಟಿದ ಹಾಗೆ. ಅದರ ಜೋಡಿಯಾದ ಎಕ್ಸ್‌ನಲ್ಲಿ 800ಕ್ಕೂ ಹೆಚ್ಚು ಜೀನ್‌ಗಳಿದ್ದರೆ ಇದರಲ್ಲಿ ಹೆಚ್ಚು ಕಡಿಮೆ 100. ಮಿಕ್ಕ ವರ್ಣತಂತುಗಳು ಜೊತೆಯವರ ಸಂಗಡ ತುಂಡು ಅದಲುಬದಲು ಮಾಡಿಕೊಂಡು ಕೂಡಿ ಬಾಳುತ್ತವೆ. ವೈ ಬಹುಪಾಲು ಒಂಟಿ, ತೋಟದ ಮನೆಯಲ್ಲಿ ಒಬ್ಬನೇ ಉಳಿದ ಮದುವೆಯಾಗದ ದೊಡ್ಡಪ್ಪನ ಹಾಗೆ.

ಹತ್ತು ತಲೆಮಾರು ಹಿಂದೆ ಹೋದರೆ ನನಗೆ 1024 ಜನ ಹಿರಿಯರ ಲೆಕ್ಕ ಬರುತ್ತದೆ. ವೈ ಕೊಟ್ಟವನು ಅದರಲ್ಲಿ ಒಬ್ಬ. ಅವನ ಹೆಸರಿನಲ್ಲಿ ಒಕ್ಕದ ಮೂಲ ಮನೆಯಾದ ಐನ್‌ಮನೆಯಲ್ಲಿ ದೀಪ, ಎಡೆ, ಎಲ್ಲ. ಉಳಿದ 1023ರಲ್ಲಿ 512 ಹೆಂಗಸರು. ಅವರಲ್ಲಿ ಯಾರ ಹೆಸರು ಕೇಳಿದರೂ ನಮ್ಮ ಮನೆಯಲ್ಲಿ ಗೊತ್ತಿಲ್ಲ.

ಸರಿ, ಹಿರಿಯರಿಗೆ ಎಲ್ಲ ಗೊತ್ತಿತ್ತು ಅಂತಲೇ ಇಟ್ಟುಕೊಳ್ಳಿ. ಹಾಗಾದರೆ ವೈ ಕೊಡೋದು ಗಂಡಸು ಅನ್ನೋದೂ ಗೊತ್ತಿರಬೇಕಲ್ವಾ? ತಾಯಿ ಹತ್ತಿರ ಇರೋದು ಎರಡೂ ಎಕ್ಸ್. ಅವಳು ಕೊಡೋದೂ ಎಕ್ಸ್. ಗಂಡೋ ಹೆಣ್ಣೋ ಅನ್ನೋದು ಅಪ್ಪನ ಕಡೆಯಿಂದ ಬಂದದ್ದರ ಮೇಲೆ. ಇದನ್ನು 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ಹೆಣ್ಣುಮಗಳು ಹಿಟ್ಟಿನ ಹುಳದಲ್ಲಿ ನೋಡಿ ಹೇಳಿದಳು. ಹುಳಕ್ಕೆ ಅರ್ಥವಾಗಿದೆ.

ಕಳೆದ ವರ್ಷ ನೆಂಟರ ಮನೆಯ ಸೊಸೆಗೆ ಎರಡನೇ ಹೆಣ್ಣು ಹುಟ್ಟಿತು. ನೋಡೋಕೆ ಹೋಗಿದ್ದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಅತ್ತೆ ಕೂತಿದ್ದರು. “ಅವಳ ತಾಯಿ ಮನೆ ಕಡೆಯೇ ಹಾಗೆ, ಬರೀ ಹೆಣ್ಣು” ಎಂದರು. ಬಾಗಿಲು ತೆರೆದೇ ಇತ್ತು. ಒಳಗೆ ಆ ಹುಡುಗಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಗಂಡ ಮೊಬೈಲಿನಿಂದ ತಲೆ ಎತ್ತಲಿಲ್ಲ. ಮೊನ್ನೆ ಆ ಫಾರ್ವರ್ಡಿಗೆ ಮೊದಲು ಕೈಮುಗಿದವನು ಇವನೇ.

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುವ ಪದ್ಧತಿ. ಅವರ ಮನೆಯ ಕೋವಿ ಆವತ್ತು ಗೋಡೆ ಬಿಟ್ಟು ಇಳಿಯಲಿಲ್ಲ.

ಹೆಂಡತಿಯನ್ನೇ ಬೈಯಬೇಕು ಅಂತಿದ್ದರೆ ಕೋಳಿಗೂಡಿಗೆ ಹೋಗಿ. ಅಲ್ಲಿ ವ್ಯವಸ್ಥೆ ಉಲ್ಟಾ. ಹುಂಜಕ್ಕೆ ಝಡ್ ಝಡ್, ಹೇಂಟೆಗೆ ಝಡ್ ಡಬ್ಲ್ಯೂ. ಮರಿ ಗಂಡೋ ಹೆಣ್ಣೋ ತೀರ್ಮಾನ ಮಾಡೋದು ಹೇಂಟೆ. ಜೇನುಗೂಡಿನಲ್ಲಿ ಇನ್ನೂ ಚೆನ್ನಾಗಿದೆ. ರಾಣಿಗೂ ಕೆಲಸದ ಹುಳಗಳಿಗೂ 32, ಗಂಡು ಹುಳಕ್ಕೆ 16 ಮಾತ್ರ, ಯಾಕೆಂದರೆ ಫಲಿಸದ ಮೊಟ್ಟೆಯಿಂದ ಹುಟ್ಟುವ ಅದಕ್ಕೆ ಅಪ್ಪನೇ ಇಲ್ಲ. ಒಕ್ಕ ಯಾವುದು ಅಂತ ಕೇಳಿದರೆ ಪಾಪ ಏನು ಹೇಳೀತು?

ನಗು ಬರುತ್ತೆ, ಆಮೇಲೆ ಬರೋದಿಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಬಸಿರಿಯರಿಗೆ ಸ್ಕ್ಯಾನಿಂಗ್ ನಡೀತಿತ್ತು ಎಂದು ಪೊಲೀಸರು ಹೇಳಿದ್ದು ಮರೆತಿಲ್ಲ ತಾನೆ? ಬೆಲ್ಲ ಕಾಯಿಸುವ ಜಾಗದಲ್ಲಿ. ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಎಂದು ನೋಡಿ ಹೇಳಬಾರದು ಅಂತ 1994ರ ಕಾನೂನೇ ಇದೆ. ಎಲ್ಲ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲೂ ಬೋರ್ಡಿದೆ. “ಅದೆಲ್ಲ ಆ ಕಡೆಯವರದ್ದು, 2011ರ ಜನಗಣತಿಯಲ್ಲಿ ನಮ್ಮ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರು” ಎಂದು ನಮ್ಮವರು ಎದೆ ತಟ್ಟಿಕೊಳ್ಳುತ್ತಾರೆ. ಹೌದು, ಒಳ್ಳೆಯದು. ಆ 1019ರಲ್ಲಿ ಗೋಡೆ ಕಡೆ ತಿರುಗಿ ಮಲಗಿದವರು ಎಷ್ಟು ಜನ ಅಂತ ಜನಗಣತಿಯವರು ಕೇಳೋದಿಲ್ಲ. ನನಗೆ ಸಾಕಾಗಿದೆ, ನಿಜವಾಗಿ ಸಾಕಾಗಿದೆ.

ಕರೆಂಟು ಬಂದ ಮೇಲೆ ಇದನ್ನೆಲ್ಲ ಗುಂಪಿಗೆ ಬರೆದು ಹಾಕಿದೆ. ಎಕ್ಸ್, ವೈ, ಹುಳ, ಹೇಂಟೆ, ಜೇನು, ಒಂದೂ ಬಿಡದೆ. ಎಲ್ಲರೂ ನೋಡಿದ ಗುರುತಿಗೆ ಎರಡೆರಡು ನೀಲಿ ಗೆರೆ ಬಂತು. ಯಾರೂ ಮಾತಿಲ್ಲ. ಮರುದಿನ ಬೆಳಿಗ್ಗೆ ಒಂದು ಗುಲಾಬಿ ಹೂವಿನ ಶುಭೋದಯ ಬಂತು. ಮಧ್ಯಾಹ್ನ ಚಿಕ್ಕಪ್ಪ ಫೋನೇ ಮಾಡಿದರು.

“ನೀನು ಬರೆದಿದ್ದು ಪೂರ್ತಿ ಓದಿದೆ ಮಾರಾಯ. ಒಂದು ಡೌಟು. ಹಂದಿಗೆ ಎಷ್ಟು?”

“38, ಚಿಕ್ಕಪ್ಪ.”

“ಅಷ್ಟೇಯಾ?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ಮೂರು ಕಿಲೋ ಹೇಳಿದ್ದೇನೆ. ಬರುವಾಗ ಸಾರಿನ ಹುಳಿಗೆ ಕಾಚಂಪುಳಿ ಹಿಡ್ಕೊಂಡು ಬಾ” ಎಂದರು.