ಇಂಗ್ಲಿಷ್ ಓಡಿಸಬೇಕೆ? ಸ್ಪ್ಯಾನಿಷ್ ಕರೆಸಿ!

ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚು 2019ರಲ್ಲಿ ಹೊತ್ತಿ ಉರಿದಾಗ ಊರಿಗೆ ಊರೇ ಕಣ್ಣೀರಿಟ್ಟಿತು. ಬೆಂಕಿ ಆರಿತು, ರಿಪೇರಿ ಶುರುವಾಯಿತು. ಅಲ್ಲಿ ಹಾಕಿದ್ದ ಮಾಹಿತಿ ಫಲಕಗಳ ಮುಂದೆ ನಿಂತ ಫ್ರೆಂಚ್ ಭಾಷಾರಕ್ಷಕರ ಎದೆಯಲ್ಲಿ ಮಾತ್ರ ಹೊಸ ಬೆಂಕಿ ಹೊತ್ತಿಕೊಂಡಿತು. ಫ್ರೆಂಚಿನ ಜೊತೆಗೆ ಅಲ್ಲಿ ಇಂಗ್ಲಿಷ್ ಇತ್ತು! 2023ರಲ್ಲಿ ವಿಷಯ ಕೋರ್ಟಿನ ಬಾಗಿಲಿಗೆ ಬಂತು.

ಇಂಗ್ಲಿಷ್ ಅಳಿಸಿಹಾಕಿ ಅಂತ ಕೇಳಿರಬೇಕು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲವಂತೆ. ಇಂಗ್ಲಿಷ್ ಇದೆ ಅನ್ನುವುದಲ್ಲ ಅವರ ದೂರು, ಇಂಗ್ಲಿಷ್ ಒಂದೇ ಇದೆ ಅನ್ನುವುದು. ಸರ್ಕಾರಿ ಫಲಕಕ್ಕೆ ಅನುವಾದ ಹಾಕಿದರೆ ಕನಿಷ್ಠ ಎರಡು ಪರಭಾಷೆಗಳಲ್ಲಿ ಹಾಕಬೇಕು ಎಂದು ಅಲ್ಲಿನ 1994ರ ಕಾನೂನು ಹೇಳುತ್ತದೆ. ಹಾಗಾಗಿ ಫ್ರೆಂಚ್ ಉಳಿಯಬೇಕಾದರೆ ಸ್ಪ್ಯಾನಿಷ್ ಬರಬೇಕು. ಬಂದ ನೆಂಟ ತಿಂಗಳಾದರೂ ಜಾಗ ಬಿಡುತ್ತಿಲ್ಲ ಎಂದು ಇನ್ನೊಬ್ಬ ನೆಂಟನಿಗೆ ಫೋನು ಮಾಡಿ, ಬಾರಪ್ಪ, ಇವನ ಪಕ್ಕದಲ್ಲೇ ಮಲಗು ಅಂದ ಹಾಗೆ. ಮನೆಯ ಯಜಮಾನ ಜಗಲಿಗೆ ಬಂದರೂ ಸರಿ, ಮೊದಲನೇ ನೆಂಟನಿಗೆ ಇಡೀ ಚಾಪೆ ಸಿಗಬಾರದು.

ಈ ಕಾನೂನು ತಂದ ಮಂತ್ರಿಯ ಹೆಸರು ಜಾಕ್ ಟೂಬೋಂ. ಫ್ರೆಂಚಿನಲ್ಲಿ ‘ಟೂ ಬೋಂ’ ಅಂದರೆ ಎಲ್ಲ ಒಳ್ಳೆಯದು. ಕಿಡಿಗೇಡಿಗಳು ಸುಮ್ಮನಿರುತ್ತಾರೆಯೇ? ಹೆಸರನ್ನೇ ಇಂಗ್ಲಿಷಿಗೆ ತರ್ಜುಮೆ ಮಾಡಿ ‘ಮಿಸ್ಟರ್ ಆಲ್‌ಗುಡ್’ ಎಂದು ಕರೆದರು. ಅದೇ ವರ್ಷ, ಕಾನೂನುಗಳು ಸಂವಿಧಾನಕ್ಕೆ ಹೊಂದುತ್ತವೆಯೇ ಎಂದು ನೋಡುವ ಅಲ್ಲಿನ ಸಂವಿಧಾನ ಮಂಡಳಿಯೂ ಇದಕ್ಕೆ ಕತ್ತರಿ ಆಡಿಸಿತು. ಖಾಸಗಿ ಜನ ಯಾವ ಪದ ಬಳಸಬೇಕೆಂದು ಸರ್ಕಾರ ಕಟ್ಟಪ್ಪಣೆ ಮಾಡುವಂತಿಲ್ಲ, 1789ರ ಕ್ರಾಂತಿಯಿಂದಲೂ ನಮ್ಮಲ್ಲಿ ವಾಕ್ ಸ್ವಾತಂತ್ರ್ಯ ಇದೆ ಎಂದಿತು. ಆದರೆ ಭಾಷೆಯ ಪರವಾಗಿ ಕೋರ್ಟಿಗೆ ಹೋಗುವ ಹಕ್ಕು ಮಾನ್ಯತೆ ಪಡೆದ ಸಂಘಗಳಿಗೆ ಉಳಿಯಿತು. ಕೇಸು ಹಾಕಲು ಲೈಸೆನ್ಸ್ ಸಿಕ್ಕ ಮೇಲೆ ಇನ್ನು ಕೇಳಬೇಕೆ!

ಎರಡು ಸಂಘಗಳು ಜೊತೆಯಾಗಿ ಮುಗಿಬಿದ್ದದ್ದು ಮೆಟ್ಜ್ ಊರಿನಲ್ಲಿದ್ದ ಒಂದು ಅಮೆರಿಕನ್ ಕಾಲೇಜಿನ ಮೇಲೆ. ಜಾರ್ಜಿಯಾ ಟೆಕ್‌ನ ಶಾಖೆ ಅದು. ಅಲ್ಲಿ ಪಾಠ ನಡೆಯುವುದೇ ಇಂಗ್ಲಿಷಿನಲ್ಲಿ. ಅವರ ವೆಬ್‌ಸೈಟೂ ಇಂಗ್ಲಿಷಿನಲ್ಲಿದೆ ಎಂಬ ಭಯಂಕರ ಸತ್ಯವನ್ನು ಸಂಘಗಳು 1996ರಲ್ಲಿ ಪತ್ತೆಹಚ್ಚಿದವು. ಮುಂದಿನ ವರ್ಷ ಕೋರ್ಟು ತಾಂತ್ರಿಕ ಕಾರಣ ಕೊಟ್ಟು ಕೇಸನ್ನು ವಾಪಸ್ ಕಳಿಸಿತು.

ಎಲ್ಲವನ್ನೂ ನಗೆಯಾಡಿ ತಳ್ಳಿಹಾಕಿದರೆ ತಪ್ಪಾಗುತ್ತದೆ. ಜಿಇ ಕಂಪನಿಯ ವೈದ್ಯಕೀಯ ಯಂತ್ರಗಳ ವಿಭಾಗ ತನ್ನ ಫ್ರೆಂಚ್ ನೌಕರರಿಗೆ ಕೆಲಸದ ದಾಖಲೆಗಳನ್ನು ಬರೀ ಇಂಗ್ಲಿಷಿನಲ್ಲಿ ಕೊಡುತ್ತಿತ್ತು. 2006ರಲ್ಲಿ ವರ್ಸೇಲ್ಸ್ ಕೋರ್ಟು 5,80,000 ಯೂರೋ ಕಕ್ಕಿಸಿತು. ಸರಿಯಾಗೇ ಆಯಿತು. ದುಡಿಯುವವನಿಗೆ ಓದಲು ಬಾರದ ಕಾಗದ ಕೊಟ್ಟು ದುಡಿ ಅನ್ನುವುದು ಅನ್ಯಾಯವೇ. ಕಾನೂನಿಗೆ ಇಷ್ಟೇ ಕೆಲಸ ಇದ್ದಿದ್ದರೆ ನಾನೂ ಈ ಅಂಕಣಕ್ಕೆ ಬೇರೆ ವಿಷಯ ಹುಡುಕಬೇಕಿತ್ತು.

ಸಂಘಗಳು ಹೋಗಲಿ, ಭಾಷೆಯ ಹಿರಿಯರ ಕಡೆ ಬನ್ನಿ. ಕಾರ್ಡಿನಲ್ ರಿಶೆಲ್ಯೂ 1635ರಲ್ಲಿ ಕಟ್ಟಿದ ಫ್ರೆಂಚ್ ಅಕಾಡೆಮಿಯಲ್ಲಿ ನಲವತ್ತು ಪೀಠಗಳಿವೆ. ಕೂತವರನ್ನು ‘ಅಮರರು’ ಅನ್ನುತ್ತಾರೆ. ಹಸಿರು ಕಸೂತಿಯ ಕೋಟು, ಸೊಂಟಕ್ಕೆ ಕತ್ತಿ. ಅಮರರ ಪೀಠ ಖಾಲಿಯಾಗಬೇಕಾದರೆ ಸಾಮಾನ್ಯವಾಗಿ ಒಬ್ಬ ಅಮರ ಸಾಯಬೇಕು. ಇವರ ನಿಘಂಟಿನ ಒಂಬತ್ತನೇ ಆವೃತ್ತಿಯ ಮೊದಲ ಕಂತು 1986ರಲ್ಲಿ ಹೊರಬಂತು, ಕೊನೆಯ ಅಕ್ಷರ ಮುಟ್ಟಿದ್ದು 2024ರಲ್ಲಿ. ಅಷ್ಟರಲ್ಲಿ ಇಂಟರ್ನೆಟ್ ಹುಟ್ಟಿ, ಬೆಳೆದು, ಮೊಮ್ಮಕ್ಕಳನ್ನೂ ಕಂಡಿತು.

ಹೊಸ ಪದ ಟಂಕಿಸಲು ಬೇರೆ ಸರ್ಕಾರಿ ಸಮಿತಿಗಳಿವೆ. 2013ರಲ್ಲಿ ಹ್ಯಾಶ್‌ಟ್ಯಾಗ್‌ಗೆ ‘ಮೋ-ದಿಯೆಜ್’ ಎಂಬ ಪದ ಗೆಜೆಟ್ಟಿನಲ್ಲಿ ಬಂತು. ದಿಯೆಜ್ ಅಂದರೆ ಸಂಗೀತದಲ್ಲಿ ಸ್ವರವನ್ನು ತೀವ್ರ ಮಾಡುವ ಗುರುತು. ಹ್ಯಾಶ್ ಗುರುತು ಅದಲ್ಲವೇ ಅಲ್ಲ, ಗೆರೆಗಳ ಓರೆಯೇ ಬೇರೆ, ಅದಕ್ಕೆ ಫ್ರೆಂಚಿನಲ್ಲೇ ಬೇರೆ ಹೆಸರಿದೆ. ಅಂದರೆ ಇಂಗ್ಲಿಷ್ ಪದ ತೆಗೆದು ಅದರ ಜಾಗದಲ್ಲಿ ತಪ್ಪು ಫ್ರೆಂಚ್ ಕೂರಿಸಿದರು. ಮನೆಯಲ್ಲಿ ಕೂತು ವೀಡಿಯೊ ಗೇಮ್ ಆಡುತ್ತ ಲೈವ್ ಬಿಡುವ ಹುಡುಗನನ್ನು ಸ್ಟ್ರೀಮರ್ ಅನ್ನಬಾರದು, ‘ನೇರಪ್ರಸಾರದ ಆಟಗಾರ-ನಿರೂಪಕ’ ಎಂಬರ್ಥದ ಮಾರುದ್ದದ ಪದ ಹೇಳಬೇಕು ಎಂದು 2022ರಲ್ಲಿ ಸರ್ಕಾರಿ ನೌಕರರಿಗೆ ಅಪ್ಪಣೆಯಾಯಿತು. ಅಷ್ಟು ಹೇಳುವ ಹೊತ್ತಿಗೆ ಹುಡುಗ ಆಟದಲ್ಲಿ ಎರಡು ಸಲ ಸತ್ತಿರುತ್ತಾನೆ. ಹಾಗಂತ ಫ್ರೆಂಚರಿಗೆ ಪದ ಕಟ್ಟಲು ಬರುವುದಿಲ್ಲ ಎಂದಲ್ಲ. 1955ರಲ್ಲಿ ಐಬಿಎಂ ಕೇಳಿತೆಂದು ಒಬ್ಬ ಪ್ರಾಧ್ಯಾಪಕರು ಹುಡುಕಿಕೊಟ್ಟ ‘ಓರ್ದಿನಾತರ್’ ಪದವನ್ನೇ ಇವತ್ತಿಗೂ ಅಲ್ಲಿ ಕಂಪ್ಯೂಟರಿಗೆ ಎಲ್ಲರೂ ಹೇಳುತ್ತಾರೆ. ಗೆಜೆಟ್ಟಿನ ಹಂಗಿಲ್ಲದೆ ಬಾಯಿಗೆ ಹತ್ತಿದ ಪದ. (ನಮ್ಮ ‘ಗಣಕಯಂತ್ರ’ ಆಹ್ವಾನ ಪತ್ರಿಕೆಯಿಂದ ಆಚೆ ಬಂದಿದ್ದನ್ನು ನೋಡಿದವರಿದ್ದರೆ ಹೇಳಿ.)

ಪದಕ್ಕೆ ಬಗ್ಗದವರಿಗೆ ಪ್ರಶಸ್ತಿ ಇದೆ. ಹಲವು ಸಂಘಗಳು ಸೇರಿ 1999ರಿಂದ ಕೊಡುವ ‘ಇಂಗ್ಲಿಷ್ ಕಾಲೊರಸು’ ಅದು. ಇಂಗ್ಲಿಷಿನ ಮುಂದೆ ನೆಲಕ್ಕೆ ಹಾಸಿಕೊಂಡ ಫ್ರೆಂಚ್ ಗಣ್ಯರಿಗೆ ಮೀಸಲು. ಮೊದಲ ಗೌರವ ರೆನೋ ಕಾರು ಕಂಪನಿಯ ಮುಖ್ಯಸ್ಥರಿಗೆ ಸಂದಿತು. ಅರ್ಹರಿಗೆ ಕೊರತೆಯೇನೂ ಇಲ್ಲ. ಪ್ಯಾರಿಸ್ ಒಲಿಂಪಿಕ್ಸಿಗೆ ಅರ್ಜಿ ಹಾಕಿದವರು 2017ರಲ್ಲಿ ಐಫೆಲ್ ಗೋಪುರದ ಮೇಲೇ ‘ಮೇಡ್ ಫಾರ್ ಶೇರಿಂಗ್’ ಎಂದು ಬೆಳಗಿಸಿದರು. ಸರ್ಕಾರ ತನ್ನ ನವೋದ್ಯಮಗಳಿಗಿಟ್ಟ ಹೆಸರು ‘ಲಾ ಫ್ರೆಂಚ್ ಟೆಕ್’. ಅದರಲ್ಲಿ ಅಪ್ಪಟ ಫ್ರೆಂಚ್ ಅಂದರೆ ‘ಲಾ’ ಮಾತ್ರ.

ಇಲ್ಲಿಯವರೆಗೆ ನಗಬಹುದು. ‘ಗಣರಾಜ್ಯದ ಭಾಷೆ ಫ್ರೆಂಚ್’ ಎಂಬ ಸಾಲನ್ನು 1992ರಲ್ಲಿ ಸಂವಿಧಾನಕ್ಕೆ ಸೇರಿಸಿದಾಗ ಹೇಳಿದ್ದು ಇಂಗ್ಲಿಷಿಗೆ ಬೇಲಿ ಅಂತ. ಬೇಲಿ ಎದ್ದು ಮೇಯ್ದದ್ದು ಮನೆಯ ಹೊಲವನ್ನೇ. ಶಾಲೆಯಲ್ಲಿ, ವಾಯವ್ಯ ಫ್ರಾನ್ಸಿನ ಬ್ರಿಟನಿ ಸೀಮೆಯ ನಾಡಭಾಷೆ ಬ್ರೆಟನ್ ಮಾತಾಡಿದ ಮಗುವಿನ ಕೊರಳಿಗೆ ಮರದ ಚಪ್ಪಲಿ ತೂಗುಹಾಕುತ್ತಿದ್ದ ದೇಶ ಅದು. ಬ್ರೆಟನ್‌ನಂಥ ನಾಡಭಾಷೆಗಳಲ್ಲೇ ಪೂರ್ತಿ ಪಾಠ ಮಾಡುವ ಪದ್ಧತಿಯನ್ನು 2021ರಲ್ಲಿ ಸಂವಿಧಾನ ಮಂಡಳಿ ಇದೇ ಸಾಲು ತೋರಿಸಿ ತಳ್ಳಿಹಾಕಿತು.

ಬ್ರಿಟನಿಯಲ್ಲಿ 2017ರಲ್ಲಿ ಹುಟ್ಟಿದ ಒಂದು ಗಂಡುಮಗುವಿಗೆ ಅಪ್ಪ ಅಮ್ಮ ಊರಿನ ಹಳೆಯ ಹೆಸರಿಟ್ಟರು. ಫ್ರಾಂಸ್ವಾ ಎಂಬುದರ ಬ್ರೆಟನ್ ರೂಪ. ನ್ಯಾಯಾಲಯಗಳಲ್ಲಿ ಲ್ಯಾಟಿನ್ ಬಿಟ್ಟು ಫ್ರೆಂಚ್ ಬಳಸಿ ಎಂದು 1539ರಲ್ಲಿ ಆಜ್ಞೆ ಹೊರಡಿಸಿದ ದೊರೆಯ ಹೆಸರೂ ಫ್ರಾಂಸ್ವಾನೇ. ಆದರೆ ಮಗುವಿನ ಹೆಸರಿನ ‘ಎನ್’ ಅಕ್ಷರದ ತಲೆಯ ಮೇಲೆ ಅಲೆಯಂಥ ಒಂದು ಪುಟ್ಟ ಗೆರೆಯಿತ್ತು. ಒತ್ತು, ದೀರ್ಘ, ಕೊಂಬುಗಳ ನಡುವೆ ಬೆಳೆದ ನಮಗೆ ಅದು ಲೆಕ್ಕಕ್ಕೇ ಇಲ್ಲ. ಅಲ್ಲಿನ ಕೆಂಪೇರ್ ಊರಿನ ಕೋರ್ಟಿಗೆ ಮಾತ್ರ ಆ ಗೆರೆಯಲ್ಲಿ ದೇಶದ ಏಕತೆಗೆ ಕುತ್ತು ಕಂಡಿತು. ಹೆಸರು ನಿರಾಕರಿಸಿತು. ಮರುವರ್ಷ ರೆನ್ ಊರಿನ ಮೇಲ್ಮನವಿ ಕೋರ್ಟು ನಿಘಂಟು ತರಿಸಿ ನೋಡಿತು. ನಲವತ್ತು ಅಮರರ ಸ್ವಂತ ನಿಘಂಟಿನಲ್ಲೇ ಆ ಗೆರೆ ಹೊತ್ತ ಪದಗಳಿದ್ದವು! ಮಗು ಗೆದ್ದಿತು. ಸರ್ಕಾರಿ ವಕೀಲರು ಅಲ್ಲಿಗೂ ಬಿಡದೆ ಪ್ಯಾರಿಸ್ಸಿನ ಅತ್ಯುನ್ನತ ಕೋರ್ಟಿಗೆ ಹೋದರು. 2019ರಲ್ಲಿ ಅಲ್ಲಿಯೂ ಅರ್ಜಿ ಬಿದ್ದುಹೋಯಿತು. ಆ ಹೊತ್ತಿಗೆ ಮಗುವಿಗೆ ಎರಡೂವರೆ ವರ್ಷ. ನಿನ್ನ ಹೆಸರೇನು ಪುಟ್ಟಾ ಅಂದರೆ, ವಕೀಲರಿಲ್ಲದೆ ತಾನೇ ಹೇಳುವ ವಯಸ್ಸು.