ಸಂಪಾದಕರೇ, ಹವಾಮಾನ ಹೇಗಿದೆ?

ಪತ್ರಿಕೆಯ ಸಂಪಾದಕರೊಬ್ಬರನ್ನು ಖಾಸಗಿ ಎಫ್‌ಎಂಗೆ ಕರೆಸಿ ರಾಜಕೀಯ, ಸಂಸ್ಕೃತಿ ಮಾತಾಡಿಸುವ ಉಮೇದು ಯಾರಿಗಾದರೂ ಬಂದರೆ, ಮೊದಲು ಅವರ ಕೈಲಿರುವ ಪತ್ರಿಕೆಯನ್ನು ಸ್ಟುಡಿಯೋ ಬಾಗಿಲಲ್ಲೇ ಇಸಿದುಕೊಳ್ಳಬೇಕು. ಹಾಳೆ ಮಗುಚುವ ಸದ್ದು ಮೈಕಿಗೆ ಹಿಡಿಯುತ್ತದೆ, ಅದೊಂದು ಕಾರಣ. ಅದರೊಳಗೆ ಅವರೇ ಬರೆದ ಸಂಪಾದಕೀಯ ಇರುತ್ತದೆ, ಅದು ಇನ್ನೊಂದು. ಆ ಸಂಪಾದಕೀಯವನ್ನು ಅಚ್ಚು ಹಾಕಬಹುದು, ಅಂಗಡಿ ಮುಂದೆ ನೇತುಹಾಕಬಹುದು, ಟಿವಿಯಲ್ಲಿ ಗಂಟಲು ಹರಿಯುವಂತೆ ಓದಬಹುದು, ಯೂಟ್ಯೂಬಿನಲ್ಲಿ ಅಮೆರಿಕದವರೆಗೂ ಮುಟ್ಟಿಸಬಹುದು. ನಲವತ್ತೈವತ್ತು ಕಿಲೋಮೀಟರ್ ದಾಟಿದರೆ ಗೊರಗೊರ ಎನ್ನುವ ಎಫ್‌ಎಂನಲ್ಲಿ ಮಾತ್ರ ಓದುವಂತಿಲ್ಲ. ದೇಶ ತಡೆದುಕೊಳ್ಳುವುದಿಲ್ಲ.

ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬಾಯಿ ತೆರೆಯಿತು. ಆಸ್ತಿಯ ಒಡೆಯರು ಅಂದಿನಿಂದ ಅದರಲ್ಲಿ ಹಾಡು ಕೇಳುತ್ತಿದ್ದಾರೆ. ಖಾಸಗಿ ಎಫ್‌ಎಂಗೆ ಪರವಾನಗಿ ಕೊಡುವ 1999ರ ಮೊದಲ ಹಂತದ ನೀತಿ ಒಂದು ಸರ್ಕಾರದ್ದು, 2005ರ ಎರಡನೆಯದು, 2011ರ ಮೂರನೆಯದು ಇನ್ನೊಂದರದ್ದು, ಆಮೇಲೆ ಮತ್ತೆ ಸರ್ಕಾರ ಬದಲಾಯಿತು. ಕಾವೇರಿಗೆ ಕರೆದ ಸರ್ವಪಕ್ಷ ಸಭೆಯಲ್ಲೂ ಕಾಣದ ಒಗ್ಗಟ್ಟು ಇಲ್ಲಿದೆ: ಎಫ್‌ಎಂ ಸ್ವಂತ ಸುದ್ದಿ ಹೇಳಬಾರದು.

2011ರಲ್ಲಿ ಒಂದು ರಿಯಾಯಿತಿ ಕೊಟ್ಟರು. ಆಕಾಶವಾಣಿಯ ವಾರ್ತೆಯನ್ನು ಖಾಸಗಿಯವರೂ ಬಿತ್ತರಿಸಬಹುದು, ಅಕ್ಷರ ಕೂಡಿಸದೆ, ಅಕ್ಷರ ಕಳೆಯದೆ. ಮದುವೆಗೆ ಬಾಡಿಗೆ ತಂದ ಪಾತ್ರೆಯಂತೆ, ಒಯ್ದ ಹಾಗೇ ತಂದೊಪ್ಪಿಸಬೇಕು. ಜೊತೆಗೆ, ಯಾವ್ಯಾವುದು ‘ಸುದ್ದಿಯಲ್ಲ’ ಎಂದು ಒಂದು ಪಟ್ಟಿಯನ್ನೂ ಕೊಟ್ಟರು. ಸಂಚಾರ ದಟ್ಟಣೆ, ಹವಾಮಾನ, ಆಟೋಟದ ಮಾಹಿತಿ, ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ಹಬ್ಬ, ಪರೀಕ್ಷೆ, ಫಲಿತಾಂಶ, ಪ್ರವೇಶಾತಿ, ಉದ್ಯೋಗಾವಕಾಶ, ಸ್ಥಳೀಯ ಆಡಳಿತ ಕೊಟ್ಟ ನೀರು-ವಿದ್ಯುತ್ ಪ್ರಕಟಣೆ, ಪ್ರಕೃತಿ ವಿಕೋಪದ ಎಚ್ಚರಿಕೆ. ಸಂಪಾದಕರ ಸಂದರ್ಶನವನ್ನು ಇಷ್ಟರೊಳಗೇ ಬೇಯಿಸಿಕೊಳ್ಳಬೇಕು.

ಅಸಾಧ್ಯವೇನಲ್ಲ. ಪ್ರಶ್ನೆಯಲ್ಲಿ ‘ಎಲ್ಲಿ’, ‘ಯಾವಾಗ’ ಇರಲಿ. ‘ಯಾಕೆ’, ‘ಯಾರು’ ಬಂದರೆ ಅದು ಸುದ್ದಿಯಾಗುತ್ತದೆ. ನಾಳೆ ನೀರು ಬರುವುದಿಲ್ಲ ಎನ್ನುವುದು ಪ್ರಕಟಣೆ, ಯಾಕೆ ಬರುವುದಿಲ್ಲ ಎನ್ನುವುದು ಪ್ರಚಲಿತ ವಿದ್ಯಮಾನ. ಸಿಲ್ಕ್ ಬೋರ್ಡ್ ಬಳಿ ಗುಂಡಿಯಿಂದಾಗಿ ವಾಹನಗಳು ನಿಂತಿವೆ ಎನ್ನಬಹುದು, ಗುಂಡಿ ಮುಚ್ಚಿದ ಬಿಲ್ಲು ಯಾರ ಹೆಸರಲ್ಲಿ ಪಾಸಾಯಿತು ಎನ್ನಬಾರದು. ಪರೀಕ್ಷೆಯ ದಿನಾಂಕ ಹೇಳಿ. ಪ್ರಶ್ನೆಪತ್ರಿಕೆ ಹಿಂದಿನ ರಾತ್ರಿಯೇ ಸಿಕ್ಕಿತಂತಲ್ಲ ಎಂದು ಸಂಪಾದಕರು ಶುರು ಹಚ್ಚಿಕೊಂಡರೆ, ತಯಾರಿಗೆ ಯಾವ ಪುಸ್ತಕ ಒಳ್ಳೆಯದು ಸಾರ್ ಎಂದು ಕೇಳಿ.

ಸಂಸ್ಕೃತಿಯ ಭಾಗ ಸಲೀಸು ಎಂದುಕೊಂಡರೆ ಕೆಟ್ಟಿರಿ. ಸಾಹಿತ್ಯ ಸಮ್ಮೇಳನದ ಮೆರವಣಿಗೆ, ಗೋಷ್ಠಿ, ಊಟದ ಸಾಲು, ಪುಸ್ತಕ ಮಳಿಗೆ ಎಲ್ಲವೂ ಸಾಂಸ್ಕೃತಿಕ. ಆದರೆ ಕೊನೆಯ ದಿನ ಬಹಿರಂಗ ಅಧಿವೇಶನದಲ್ಲಿ ಸರ್ಕಾರವನ್ನು ಒತ್ತಾಯಿಸಿ ನಿರ್ಣಯ ಮಂಡಿಸುತ್ತಾರೆ, ಅಲ್ಲಿಗೆ ಮೈಕ್ ಆಫ್. ದಸರೆಯ ಆನೆ ಸಂಸ್ಕೃತಿ, ದಸರೆ ಉದ್ಘಾಟಿಸುವವರು ಯಾರೆಂಬ ಜಗಳ ರಾಜಕೀಯ. ಅಕಾಡೆಮಿ ಪ್ರಶಸ್ತಿ ಬಂದದ್ದು ಹೇಳಬಹುದು, ಸರ್ಕಾರ ಬದಲಾದೊಡನೆ ಅಕಾಡೆಮಿ ಅಧ್ಯಕ್ಷರೂ ಬದಲಾಗುವುದು ಏಕೆ ಎನ್ನಬಾರದು. ಅಂದರೆ ಯಕ್ಷಗಾನದಲ್ಲಿ ಕುಣಿತ, ಚೆಂಡೆ ಇಟ್ಟುಕೊಂಡು ಅರ್ಥಗಾರಿಕೆ ಬಿಟ್ಟಂತೆ.

ಇಷ್ಟಾದರೂ ಸಂಪಾದಕರು ಮಾತಾಡಿಯೇ ಮಾತಾಡುತ್ತಾರೆ, ಅದು ಅವರ ಕಸುಬು. ಹಾಗಾಗಿ ನೇರಪ್ರಸಾರ ಬೇಡ. ನಲವತ್ತು ನಿಮಿಷ ಮುದ್ರಿಸಿಕೊಂಡು ನಾಲ್ಕು ನಿಮಿಷಕ್ಕೆ ಇಳಿಸಿ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ಎದುರಿಗೇ ಇಟ್ಟರೆ ‘ಪಕ್ಷ’ದ ಪಕಾರ ಬಡಿಯುತ್ತದೆ. ಅವರು ಬಂದು ಕೂರುವ ಮೊದಲು ಖಾಲಿ ಸ್ಟುಡಿಯೋದ ಮೌನವನ್ನು ಅರ್ಧ ನಿಮಿಷ ಮುದ್ರಿಸಿಟ್ಟುಕೊಳ್ಳಿ. ಕತ್ತರಿಸಿದ ಜಾಗಕ್ಕೆ ತುಂಬಲು ಬೇಕು. ಈ ಬಗೆಯ ಸಂದರ್ಶನಕ್ಕೆ ಅರ್ಧ ನಿಮಿಷ ಸಾಲುವುದಿಲ್ಲ, ಐದು ನಿಮಿಷದ ಮೌನ ದಾಸ್ತಾನಿರಲಿ.

ಕನ್ನಡದಲ್ಲಿ ಕತ್ತರಿ ಆಡಿಸುವವರಿಗೆ ಇನ್ನೊಂದು ಫಜೀತಿ. ಕ್ರಿಯಾಪದ ಕೊನೆಗೆ ಬರುವುದರಿಂದ ಹೊಗಳಿಕೆಯೋ ತೆಗಳಿಕೆಯೋ ಎಂಬುದು ವಾಕ್ಯ ಮುಗಿಯುವವರೆಗೆ ತಿಳಿಯದು. ‘ಸರ್ಕಾರ ಈ ವಿಷಯದಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡಿ’ವರೆಗೂ ಎಲ್ಲ ಕ್ಷೇಮ, ಮುಂದಿನದು ‘ದೆ’ಯೋ ‘ಲ್ಲ’ವೋ ದೇವರೇ ಬಲ್ಲ. ‘ಲ್ಲ’ ಬಂದರೆ ಗಾಬರಿ ಬೇಡ. ಅವರೇ ಹಿಂದೆಲ್ಲೋ ‘ಮಳೆ ಚೆನ್ನಾಗಿ ಬಂದಿದೆ’ ಅಂದಿರುತ್ತಾರೆ. ಅಲ್ಲಿಂದ ‘ದೆ’ ಕಿತ್ತು ಇಲ್ಲಿ ಅಂಟಿಸಿ. ಆಕಾಶವಾಣಿಯ ಸಂಹಿತೆಯೇ ಖಾಸಗಿ ಎಫ್‌ಎಂಗೂ ಅನ್ವಯ. ಅದರಲ್ಲಿ ಪಕ್ಷದ ಹೆಸರೆತ್ತಿ ದಾಳಿ ಮಾಡುವುದಕ್ಕೂ, ಕೇಂದ್ರ-ರಾಜ್ಯಗಳನ್ನು ಹಗೆತನದಿಂದ ಟೀಕಿಸುವುದಕ್ಕೂ ತಡೆಯಿದೆ. ಹೊಗಳಿಕೆಗೆ ತಡೆಯೊಡ್ಡುವುದು ಬರೆದವರಿಗೆ ಹೊಳೆದಿಲ್ಲ.

ಹಾಗೆಂದು ರೇಡಿಯೋದಲ್ಲಿ ರಾಜಕೀಯ ಪೂರ್ತಿ ಮಡಿ-ಮೈಲಿಗೆಯ ವಸ್ತುವೂ ಅಲ್ಲ. ಚುನಾವಣೆ ಬಂದಾಗ ಯಾವ ಪಕ್ಷವೂ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಚೀಟಿ ತಂದು, ಸೆಕೆಂಡುಗಳ ಲೆಕ್ಕದಲ್ಲಿ ದುಡ್ಡು ಕಟ್ಟಿ, ಅದೇ ಎಫ್‌ಎಂನಲ್ಲಿ ತನ್ನ ಸಾಧನೆ ಸಾರಬಹುದು. ದುಡ್ಡು ಕೊಟ್ಟು ಆಡಿದರೆ ಜಾಹೀರಾತು, ಪುಕ್ಕಟೆ ಆಡಿದರೆ ಅಪರಾಧ. ಸಂಪಾದಕರಿಗೆ ಅಷ್ಟು ತವಕವಿದ್ದರೆ ಒಂದು ಪಕ್ಷ ಕಟ್ಟಿಕೊಂಡು ಮೂವತ್ತು ಸೆಕೆಂಡು ಕೊಂಡುಕೊಳ್ಳಲಿ.

ಈ ನಿಷೇಧ ಏಕೆಂದು ಸುಪ್ರೀಂ ಕೋರ್ಟಿನಲ್ಲಿ ಕೇಳಿದಾಗ, ಎಫ್‌ಎಂಗಳಲ್ಲಿ ಏನು ಬರುತ್ತದೆಂದು ಗಮನಿಸುವ ವ್ಯವಸ್ಥೆಯಿಲ್ಲ, ಭದ್ರತೆಗೆ ಅಪಾಯ ಎಂದಿತು ಸರ್ಕಾರ. ನೂರಾರು ಸುದ್ದಿ ವಾಹಿನಿಗಳಲ್ಲಿ ಒಂದೇ ಸಲ ಎಂಟು ಮಂದಿ ಕಿರುಚುವುದನ್ನು ಗಮನಿಸಲು ಸಾಧ್ಯವಂತೆ. ಸುಮಾರು 390 ಎಫ್‌ಎಂ ನಿಲಯಗಳಲ್ಲಿ ಹಾಡುಗಳ ನಡುವೆ ಒಬ್ಬರು ಮೆಲ್ಲಗೆ ಮಾತಾಡುವುದು ಕಿವಿಗೆ ಬೀಳುವುದಿಲ್ಲವಂತೆ. 2023ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಗಂಟೆಗೆ 10 ನಿಮಿಷ ಸುದ್ದಿ ಬಿಡಬಹುದು ಎಂದು ಶಿಫಾರಸು ಮಾಡಿತು. ಹತ್ತು ನಿಮಿಷ ಅಂದರೆ ನಮ್ಮ ಸಂಪಾದಕರಿಗೆ ಪೀಠಿಕೆಗೂ ಸಾಲದು, ಆ ಮಾತು ಬೇರೆ.

ಸದ್ಯಕ್ಕೆ ಹವಾಮಾನವೇ ಗತಿ. ಅದರಲ್ಲೂ ಚುನಾವಣೆಯ ತಿಂಗಳಲ್ಲಿ “ಸಾರ್, ಈ ಸಲ ಗಾಳಿ ಯಾವ ಕಡೆ ಬೀಸ್ತಿದೆ?” ಎಂದು ಬಾಯಿತಪ್ಪಿಯೂ ಕೇಳಬೇಡಿ. ಕೇಳಿಬಿಟ್ಟರೆ, ಉತ್ತರದಲ್ಲಿ ‘ನೈರುತ್ಯದಿಂದ’ ಎಂಬ ಒಂದು ಪದ ಉಳಿಸಿಕೊಂಡು ತಕ್ಷಣ ಹಾಡು ಹಾಕಿ. ಹಾಕುವ ಮುಂಚೆ ಹಾಡಿನ ಸಾಹಿತ್ಯವನ್ನೂ ಒಮ್ಮೆ ಓದಿಕೊಳ್ಳಿ.