ಸತ್ತವರ ಹೆಸರು ಬಲ್ಲ ಊರು

ಹೋದ ಬೇಸಿಗೆಯಲ್ಲಿ ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯಲ್ಲಿ, ಹಿಂದೊಮ್ಮೆ ಪ್ಲೇಗಿಗೆ ತುತ್ತಾದ ಈಮ್ ಎಂಬ ಹಳ್ಳಿಗೆ ಹೋಗಿದ್ದೆವು. ನಾವಿರುವ ಶೆಫೀಲ್ಡ್‌ಗೆ ಅದು ದೂರವಲ್ಲ. ಚರ್ಚಿನಲ್ಲಿ ಬಂದವರನ್ನು ಮಾತನಾಡಿಸಲು ಕೂತಿದ್ದ ಅಜ್ಜಿಯೊಬ್ಬರಿಗೆ ಕರ್ನಾಟಕದ ನಮ್ಮೂರಿಗೂ ಪ್ಲೇಗು ಬಂದಿತ್ತು ಎಂದೆ. "ಹೌದಾ? ಮೊದಲು ತೀರಿಕೊಂಡವರು ಯಾರು?" ಎಂದು ಕೇಳಿಬಿಟ್ಟರು. ನನಗೆ ಮಾತು ಹೊರಡಲಿಲ್ಲ. ನಮ್ಮಜ್ಜಿಯ ತವರಿನಲ್ಲಿ ಒಂದೇ ವಾರದಲ್ಲಿ ನಾಲ್ಕು ಹೆಣ ಎತ್ತಿದ್ದರು ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ನಾಲ್ವರ ಹೆಸರು ಈಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಈಮ್‌ನವರಿಗೆ ಗೊತ್ತು. ಮೊದಲು ಸತ್ತವನು ಜಾರ್ಜ್ ವಿಕಾರ್ಸ್, ದರ್ಜಿಯ ಕೈಕೆಳಗಿನ ಆಳು. 1665ರ ಸೆಪ್ಟೆಂಬರ್ 7ರಂದು. ಲಂಡನ್ನಿನಿಂದ ಬಂದ ಬಟ್ಟೆಯ ಗಂಟು ತೇವವಾಗಿತ್ತೆಂದು ಬಿಚ್ಚಿ ಬೆಂಕಿಯೆದುರು ಒಣಹಾಕಿದನಂತೆ, ಅದರಲ್ಲಿದ್ದ ಚಿಗಟಗಳಿಂದ ರೋಗ ಹತ್ತಿತಂತೆ. ಚರ್ಚಿನ ಪಕ್ಕದಲ್ಲಿರುವ ಆ ಕಲ್ಲಿನ ಮನೆ ಇವತ್ತಿಗೂ ಗಟ್ಟಿಯಾಗಿದೆ. ಅದರ ಮುಂದೆ ಹಸಿರು ಫಲಕ. ಮನೆಯೊಡತಿ ಮೇರಿ, ಅವಳ ಇಬ್ಬರು ಗಂಡುಮಕ್ಕಳು, ಎರಡನೆಯ ಗಂಡ, ಕೆಲಸದ ಜಾರ್ಜ್, ಎಲ್ಲರ ಹೆಸರೂ ಇದೆ. ಉಳಿದವಳು ಮೇರಿ ಒಬ್ಬಳೇ; 13 ಮಂದಿ ಬಂಧುಗಳನ್ನು ಕಳೆದುಕೊಂಡಳು. ಮುಂದಿನ ಮನೆಗಳ ಮುಂದೆಯೂ ಇಂಥದೇ ಫಲಕಗಳು. ರಾಜರಲ್ಲ, ದಂಡನಾಯಕರಲ್ಲ, ದರ್ಜಿಗಳು, ರೈತರು, ಕೂಸುಗಳು.

1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ಅವನಿಗಿಂತ ಮುಂಚೆ ಆ ಹುದ್ದೆಯಲ್ಲಿದ್ದ ಥಾಮಸ್ ಸ್ಟ್ಯಾನ್ಲಿ ಸೇರಿ ಊರವರನ್ನು ಒಪ್ಪಿಸಿದರು: ಯಾರೂ ಎಲ್ಲೆ ದಾಟಬಾರದು. ಸುತ್ತಲ ಹಳ್ಳಿಯವರು ಗಡಿಯಲ್ಲಿ ಆಹಾರ ಇಟ್ಟು ಹೋಗುತ್ತಿದ್ದರು. ಗಡಿಕಲ್ಲಿನ ಮೇಲೆ ಕೊರೆದ ಗುಳಿಗಳಲ್ಲಿ, ರೋಗ ಹರಡದಿರಲೆಂದು ವಿನೆಗರ್ ಸುರಿದು, ಅದರಲ್ಲಿ ಹಣ ಹಾಕಿಡುತ್ತಿದ್ದರು ಇವರು. ಆ ಗುಳಿಗಳ ಅಂಚು ಈಗ ಸವೆದು ನುಣುಪಾಗಿದೆ. ನನ್ನ ಮಗಳು ಒಂದೊಂದರಲ್ಲೂ ಬೆರಳಿಟ್ಟು ನೋಡಿದಳು. ಊರಾಚೆಯ ಹೊಲದಲ್ಲಿ ಹ್ಯಾನ್‌ಕಾಕ್ ಮನೆತನದ ಸಮಾಧಿಗಳಿವೆ. ಎಲಿಜಬೆತ್ ಎಂಬ ಹೆಂಗಸು ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಎಳೆದುಕೊಂಡು ಹೋಗಿ ಹೂತ ಜಾಗ ಅದು. ಅಲ್ಲಿ ನಿಂತವರಿಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ನಮ್ಮಲ್ಲಿ? 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ನಮ್ಮ ಶಿರಾ ಕಡೆಯ ಹಳ್ಳಿಗಳನ್ನೂ ಬಿಡಲಿಲ್ಲ. ಊರಲ್ಲಿ ಶಾನುಭೋಗರ ಹಳೇ ಮನೆ ಕೆಡವಿದಾಗ ಕಡತಗಳನ್ನೆಲ್ಲ ರದ್ದಿ ಕಾಗದದ ಜೊತೆ ತೂಕಕ್ಕೆ ಹಾಕಿದರು. ಮಾರಮ್ಮನ ಗುಡಿಗೆ ಗ್ರಾನೈಟ್ ಹಾಕಿಸುವಾಗ ಮುಂದಿದ್ದ ಬರಹದ ಕಲ್ಲು ಕೆಳಗೆ ಸೇರಿಹೋಯಿತು. ಬೇಡ ಎಂದವರು ಒಬ್ಬರೂ ಇರಲಿಲ್ಲ. ಈಗ ಗುಡಿಯ ಗೋಡೆಯ ಮೇಲೆ ಫ್ಯಾನು, ಟ್ಯೂಬ್‌ಲೈಟು ಕೊಟ್ಟ ದಾನಿಗಳ ಹೆಸರು ದಪ್ಪಕ್ಷರದಲ್ಲಿದೆ. ಇದು ನನಗೆ ಸಹಿಸಲಾಗದ ಸಂಗತಿ. ಊರೂರಿಗೂ ವೀರಗಲ್ಲು ನೆಟ್ಟ ನಾಡು ನಮ್ಮದು. ಹೆಬ್ಬಾಳದ ಶಾಸನದಲ್ಲಿ ಕಿಟ್ಟಯ್ಯ ಎಂಬ ವೀರನ ಹೆಸರು ಸುಮಾರು ಕ್ರಿ.ಶ. 750ರಿಂದ ಉಳಿದು ಬಂದಿದೆ. ಅಂಥ ನಾಡಿನವರು ನೂರು ವರ್ಷದ ಹಿಂದಿನ ಸ್ವಂತ ಮನೆಯವರನ್ನೇ ಕಳೆದುಕೊಂಡಿದ್ದೇವೆ.

ಇಂಗ್ಲಿಷರೂ ಎಲ್ಲವನ್ನೂ ಜೋಪಾನ ಮಾಡಿದವರಲ್ಲ, ನಿಜ. ಈಮ್ ಚರ್ಚಿನ ಅಂಗಳದಲ್ಲಿ 8ನೇ ಶತಮಾನದ ಕಲ್ಲಿನ ಶಿಲುಬೆಯಿದೆ. ಹೆಚ್ಚುಕಡಿಮೆ ಕಿಟ್ಟಯ್ಯನ ಕಾಲದ್ದೇ. ಅದೂ ಬಹುಕಾಲ ಬಿದ್ದುಕೊಂಡೇ ಇತ್ತು, ಕಂಬದ ಒಂದು ತುಂಡು ಈಗಲೂ ಇಲ್ಲ. ಹೆಸರುಗಳು ಉಳಿದದ್ದಕ್ಕೆ ಚರ್ಚಿನ ದಫ್ತರವೂ ಕಾರಣ. ಸತ್ತವರನ್ನು ಬರೆದಿಡುವುದು ಪಾದ್ರಿಯ ಕೆಲಸವೇ ಆಗಿತ್ತು. ಊರೊಳಗೇ ಉಳಿದ ಅವರಲ್ಲಿ ಸತ್ತವರು ಸುಮಾರು 260 ಮಂದಿ. ನಮ್ಮ ಹಿರಿಯರು ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಜೀವ ಉಳಿಸಿದ್ದು ಆ ಬುದ್ಧಿಯೇ ಇರಬೇಕು. ಇಲ್ಲದಿದ್ದರೆ ನಾನು ಇದನ್ನು ಬರೆಯಲು ಇರುತ್ತಿದ್ದೆನೋ ಇಲ್ಲವೋ. ಹೊರಬೀಡಿನ ದಿನ ಊರಬಾಗಿಲಿಗೆ ಮುಳ್ಳು ಹಾಕಿ, ದನಕರು ಹೊಡೆದುಕೊಂಡು ಎಲ್ಲರೂ ಆಚೆ ಹೋಗುವುದು ಈಗಲೂ ತಪ್ಪಿಲ್ಲ. ಈಮ್‌ನಲ್ಲೂ ಆಗಸ್ಟ್ ಕೊನೆಯ ಭಾನುವಾರ ಪ್ಲೇಗಿನ ನೆನಪಿಗೆ ಜನ ಸೇರುತ್ತಾರೆ, ಆದರೆ ಊರಿಗೆ ಊರೇ ಬಾಗಿಲು ಹಾಕಿ ಹೊರಡುವುದಿಲ್ಲ. ಅಷ್ಟನ್ನು ಒಪ್ಪುತ್ತೇನೆ.

ಬರುವ ಹೊರಬೀಡಿಗೆ ರಜೆ ಹಾಕಿ ಊರಿಗೆ ಹೋಗುತ್ತಿದ್ದೇನೆ. ಮರದ ಕೆಳಗೆ ಊಟಕ್ಕೆ ಕೂತಾಗ ಹಿರಿಯರನ್ನು ಕೇಳಿ, ಗೊತ್ತಾದಷ್ಟನ್ನು ಮಾರಮ್ಮನ ಗುಡಿಯ ಹತ್ತಿರ ಕಲ್ಲಿನಲ್ಲೇ ಕೊರೆಸಬೇಕು, ಖರ್ಚು ನನ್ನದು. ಹೆಸರು ಸಿಗದಿದ್ದರೆ ಇಂಥ ಮನೆಯ ಸೊಸೆ, ಇಂಥವರ ತಮ್ಮ ಎಂದಾದರೂ ಇರಲಿ.